ಬೋರ್ಡಿನ ಮೂಲೆಯ ಹೆಸರು

ಕುಂಚದ ದಪ್ಪಕ್ಷರ ಕಂಪ್ಯೂಟರಿಗೆ ಬಂದಿದೆ. ಅದನ್ನು ಬರೆಯುತ್ತಿದ್ದ ಕೈ ಎಲ್ಲಿಗೆ ಹೋಯಿತು?

ಹಳೆಯ ಅಂಗಡಿ ಬೋರ್ಡುಗಳನ್ನು ಹತ್ತಿರ ನಿಂತು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ತಗಡಿನ ತುಂಬ ಅಂಗಡಿಯ ಹೆಸರು ಗೇಣುದ್ದದ ಅಕ್ಷರಗಳಲ್ಲಿ ಇರುತ್ತದೆ. ಅದರ ಕೆಳಗೆ ಮಾಲೀಕರ ಹೆಸರು. ಇನ್ನೂ ಕೆಳಗೆ, ಬಲ ಮೂಲೆಯಲ್ಲಿ, ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಇನ್ನೊಂದು ಹೆಸರು. ಅದು ಬೋರ್ಡು ಬರೆದ ಪೇಂಟರನದು. ಗಿರಾಕಿ ಅದನ್ನು ಓದುವುದಿಲ್ಲ. ಆದರೆ ಹೊಸ ಅಂಗಡಿ ತೆರೆಯಬೇಕೆಂದಿರುವವನು ಓದುತ್ತಾನೆ. ಮುಂದಿನ ಕೆಲಸ ಹುಡುಕಿಕೊಂಡು ಬರುವುದು ಆ ಮೂಲೆಯಿಂದಲೇ.

ಇಂದು ಪೇಟೆಯ ಬೋರ್ಡುಗಳಲ್ಲಿ ಆ ಮೂಲೆ ಖಾಲಿಯಾಗುತ್ತಿದೆ. ಅಕ್ಷರ ದಪ್ಪಗೇ ಇದೆ, ಕುಂಚದಿಂದ ಎಳೆದಂತೆಯೇ ಕಾಣುತ್ತದೆ. ಆದರೆ ಎಳೆದವರು ಯಾರೂ ಇಲ್ಲ. ಅದು ಕಂಪ್ಯೂಟರಿನ ಫಾಂಟು, ಫ್ಲೆಕ್ಸ್ ಮೇಲೆ ಮುದ್ರಣವಾದದ್ದು.

ಹೆಸರು ಕೆತ್ತಿದ ನಾಡು

ಬಾಗಲಕೋಟೆ ಜಿಲ್ಲೆಯ ಗುಡೂರು ಬಾದಾಮಿ ಮತ್ತು ಇಳಕಲ್ ಪೇಟೆಗಳ ನಡುವಿನ ಊರು. ಮೊದಲು ಹುನಗುಂದ ತಾಲೂಕಿನಲ್ಲಿತ್ತು, ಇಳಕಲ್ ಹೊಸ ತಾಲೂಕಾದ ಮೇಲೆ ಅದಕ್ಕೆ ಸೇರಿತು. ಐಹೊಳೆ ಇಲ್ಲಿಗೆ ಹತ್ತಿರ, ಪಟ್ಟದಕಲ್ಲು ಅದರಾಚೆ. ಅಕ್ಷರದ ವಿಷಯಕ್ಕೆ ಬಂದರೆ ಇಷ್ಟು ಹಳೆಯ ನೆಲ ಕನ್ನಡ ನಾಡಿನಲ್ಲಿ ಅಪರೂಪ. ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿಯ 634ರ ಶಾಸನವಿದೆ. ಭಾಷೆ ಸಂಸ್ಕೃತವಾದರೂ ಲಿಪಿ ನಮ್ಮ ಹಳಗನ್ನಡದ್ದೇ.

ಪಟ್ಟದಕಲ್ಲಿನಲ್ಲಿ ಇನ್ನೂ ಒಂದು ವಿಶೇಷವಿದೆ. ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನಗಳಲ್ಲಿ ಕಟ್ಟಿಸಿದವರ ಹೆಸರಿನ ಜೊತೆಗೆ ಕಟ್ಟಿದವರ ಹೆಸರುಗಳೂ ಇವೆ. ಗುಂಡ ಅನಿವಾರಿತಾಚಾರಿ ಮತ್ತು ಸರ್ವಸಿದ್ಧಿ ಆಚಾರಿ ಎಂಬ ಶಿಲ್ಪಾಚಾರ್ಯರ ಹೆಸರು 1,200 ವರ್ಷಗಳ ಮೇಲೂ ಉಳಿದಿದೆ. ಕೈಯಿಂದ ದುಡಿದವನ ಹೆಸರು ಅವನ ಕೆಲಸದ ಮೇಲಿರಬೇಕು ಎಂಬ ಮಾತನ್ನು ಈ ಸೀಮೆಗೆ ಹೊರಗಿನಿಂದ ಯಾರೂ ಬಂದು ಕಲಿಸಬೇಕಾಗಿಲ್ಲ.

ತಗಡಿನ ಬೋರ್ಡಿನ ಮೂಲೆಯಲ್ಲಿ ಪೇಂಟರ್ ಬರೆಯುತ್ತಿದ್ದ ಸಣ್ಣ ಹೆಸರೂ ಇದೇ ರೂಢಿಯ ತುಂಡು. ಉತ್ತರ ಕರ್ನಾಟಕದ ಊರುಗಳಲ್ಲಿ ಈ ಕಸುಬು ಹಿಡಿದವರಲ್ಲಿ ಮುಸ್ಲಿಮರೂ ಇದ್ದಾರೆ. ಮನೆಯಲ್ಲಿ ದಖನಿ ಮಾತು, ಮದರಸದಲ್ಲಿ ಅರಬಿ ಓದು, ಕೈಯಲ್ಲಿ ಕನ್ನಡದ ಅಕ್ಷರ. ಕನ್ನಡದ ಬೀದಿಯನ್ನು ಚಂದ ಮಾಡಿದವರಲ್ಲಿ ಅವರ ಪಾಲೂ ಇದೆ.

ಒಂದೇ ಎಳೆತದ ಅಕ್ಷರ

ಕುಂಚದ ದಪ್ಪಕ್ಷರ ಬರೆಯುವ ಕೆಲಸ ನೋಡಲು ಸುಲಭ, ಮಾಡಲು ಕಷ್ಟ. ತಗಡಿಗೆ ಮೊದಲು ಬಿಳಿಯೋ ಹಳದಿಯೋ ಬಣ್ಣ ಬಳಿದು ಒಣಗಿಸಬೇಕು. ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಎರಡೂ ತುದಿಯಲ್ಲಿ ಹಿಡಿದು, ನಡುವೆ ಎತ್ತಿ ಬಿಟ್ಟರೆ ತಗಡಿನ ಮೇಲೆ ನೇರ ಗೆರೆ ಬೀಳುತ್ತದೆ. ಮೇಲೊಂದು, ಕೆಳಗೊಂದು. ಅವುಗಳ ನಡುವೆ ಅಕ್ಷರದ ನೆರಳಷ್ಟನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಳ್ಳಬೇಕು. ಆಮೇಲೆ ಚಪ್ಪಟೆ ಬ್ರಶ್ಶು, ಎನಾಮೆಲ್ ಬಣ್ಣ. ಕೈ ನಡುಗದಂತೆ ಎಡಗೈಯಲ್ಲಿ ಒಂದು ಕೋಲು ಹಿಡಿದು ಅದರ ಮೇಲೆ ಬಲಗೈ ಊರಿಕೊಳ್ಳುತ್ತಾರೆ.

ಬ್ರಶ್ಶನ್ನು ಅಗಲವಾಗಿ ಎಳೆದರೆ ದಪ್ಪ ಗೆರೆ, ಅಂಚಿನಲ್ಲಿ ಎಳೆದರೆ ತೆಳು ಗೆರೆ. ಒತ್ತಿದರೆ ಹರಡುತ್ತದೆ, ಎತ್ತಿದರೆ ಬಾಲ ಬರುತ್ತದೆ. ಪಳಗಿದ ಕೈ ಒಂದು ಗೆರೆಯ ಮೇಲೆ ಎರಡನೇ ಸಲ ಬ್ರಶ್ಶು ಆಡಿಸುವುದಿಲ್ಲ. ತಿದ್ದಲು ಹೋದರೆ ಅಕ್ಷರದ ಜೀವ ಹೋಗುತ್ತದೆ ಎಂಬುದು ಈ ಕಸುಬಿನ ಪಾಠ. ಹೀಗೆ ಒಂದೇ ಎಳೆತಕ್ಕೆ ಬಂದ ಅಕ್ಷರದಲ್ಲಿ ವೇಗವಿರುತ್ತದೆ. ಬಸ್ಸಿನಲ್ಲಿ ಹೋಗುವವನ ಕಣ್ಣನ್ನೂ ಅದು ಹಿಡಿದು ನಿಲ್ಲಿಸುತ್ತದೆ. ಅಂಗಡಿಯವನಿಗೆ ಬೇಕಾದದ್ದೂ ಅದೇ.

'ಗುಡೂರು' ಎಂದು ಬರೆದು ನೋಡಿ

ಊರಿನ ಹೆಸರನ್ನೇ ತೆಗೆದುಕೊಳ್ಳೋಣ. 'ಗುಡೂರು' ಎಂಬಲ್ಲಿ ಮೂರು ಅಕ್ಷರ. ಮೂರಕ್ಕೂ ಬಲಗಡೆ ಕೊಂಬು. ಮೊದಲನೆಯದಕ್ಕೂ ಕೊನೆಯದಕ್ಕೂ ಬರಿಯ ಕೊಂಬು, ನಡುವಿನದಕ್ಕೆ ಕೊಂಬಿನಿಳಿ. ಕಂಪ್ಯೂಟರಿನಲ್ಲಿ ಟೈಪ್ ಮಾಡಿದರೆ 'ಗು'ವಿನ ಕೊಂಬು, 'ರು'ವಿನ ಕೊಂಬು ಎರಡೂ ಒಂದೇ ಅಚ್ಚು. ಪೇಂಟರ್ ಹಾಗೆ ಬರೆಯುವುದಿಲ್ಲ. ಮೊದಲನೆಯ ಕೊಂಬನ್ನು ಗಿಡ್ಡ ಮಾಡಿ ಮುಂದಿನ ಅಕ್ಷರಕ್ಕೆ ಜಾಗ ಬಿಡುತ್ತಾನೆ. ಕೊನೆಯ 'ರು' ಬಂದಾಗ ಅವನಿಗೆ ಮುಂದೆ ಬಯಲು. ಆ ಕೊಂಬನ್ನು ಕೆಳಗಿಳಿಸಿ, ಇಡೀ ಹೆಸರಿನ ಬುಡದಲ್ಲಿ ಎಡಕ್ಕೆ ಎಳೆದು, ಅಡಿಗೆರೆಯನ್ನಾಗಿ ಮಾಡುತ್ತಾನೆ. ಊರಿನ ಹೆಸರು ತನ್ನ ಬಾಲದ ಮೇಲೆ ತಾನೇ ಕುಳಿತಂತೆ ಕಾಣುತ್ತದೆ.

ಇದು ಬರಿಯ ಅಲಂಕಾರವಲ್ಲ. ಬೋರ್ಡಿನ ಅಗಲ ಎಷ್ಟು, ಹೆಸರು ಎಷ್ಟು ಉದ್ದ, ಎಲ್ಲಿ ಜಾಗ ಉಳಿದಿದೆ ಎಂಬ ಲೆಕ್ಕ ಆ ಬಾಲದಲ್ಲಿದೆ. 'ಇಳಕಲ್ಲ' ಎಂದು ಬರೆಯುವಾಗ ಲಕಾರದ ಒತ್ತು ಕೆಳಗೆ ಜೋತುಬೀಳುತ್ತದೆ. ಅಲ್ಲಿ ಉಪಾಯ ಬೇರೆ. 'ಬಾದಾಮಿ'ಯಲ್ಲಿ ಒತ್ತೂ ಇಲ್ಲ, ಕೊಂಬೂ ಇಲ್ಲ. ಅಲ್ಲಿ ದೀರ್ಘ ಮತ್ತು ಗುಡಿಸುಗಳ ಆಟ. ಒಂದೊಂದು ಹೆಸರೂ ಪೇಂಟರನಿಗೆ ಒಂದೊಂದು ಹೊಸ ಲೆಕ್ಕ.

ಫ್ಲೆಕ್ಸ್ ಬಂದ ಮೇಲೆ

ಈ ಕಸುಬಿಗೆ ಪೆಟ್ಟು ಒಂದೇ ಸಲ ಬೀಳಲಿಲ್ಲ. ಚುನಾವಣೆ ಬಂತೆಂದರೆ ಪೇಂಟರುಗಳಿಗೆ ಹಗಲು ರಾತ್ರಿ ಗೋಡೆ ಬರಹದ ಕೆಲಸವಿರುತ್ತಿತ್ತು. ಗೋಡೆ ಕೆಡಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರಲ್ಲೇ ಕಾಯ್ದೆ ಬಂದಿತ್ತು. 1990ರ ದಶಕದಲ್ಲಿ ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ ಬಿಗಿ ಹೆಚ್ಚಿತು. ಗೋಡೆಗಳು ಶುಚಿಯಾದವು, ಅದು ಒಳ್ಳೆಯದೇ. ಆದರೆ ಆ ಕೂಲಿಯೂ ಕರಗಿತು.

ಎರಡನೆಯದು ಕಂಪ್ಯೂಟರ್. 1998ರಲ್ಲಿ 'ಬರಹ' ಬಂತು. ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಡಿಟಿಪಿ ಅಂಗಡಿಗಳಲ್ಲಿ ಪುಣೆಯ 'ಶ್ರೀಲಿಪಿ' ಮನೆಮಾತಾಯಿತು. ಕನ್ನಡ ಬರೆಯಲು ಇವೆಲ್ಲ ದೊಡ್ಡ ಉಪಕಾರ ಮಾಡಿದವು, ಅದರಲ್ಲಿ ಎರಡು ಮಾತಿಲ್ಲ. ಮೂರನೆಯದು ಫ್ಲೆಕ್ಸ್. ಪಿವಿಸಿ ಹೊದಿಸಿದ ಬಟ್ಟೆಯ ಮೇಲೆ ಯಂತ್ರ ಮುದ್ರಿಸುತ್ತದೆ. ಚದರ ಅಡಿಗೆ ಇಷ್ಟೆಂದು ದರ. ಬೆಳಿಗ್ಗೆ ಹೇಳಿದರೆ ಸಂಜೆಗೆ ಬೋರ್ಡು. ಮಾಲೀಕರ ಫೋಟೋ ಕೂಡ ಅದರಲ್ಲೇ. ಎರಡು ದಿನ ಒಣಗಲು ಬಿಡಬೇಕಾದ ಎನಾಮೆಲ್ ಬಣ್ಣ ಇದರೊಂದಿಗೆ ಪೈಪೋಟಿ ಮಾಡುವುದು ಹೇಗೆ?

ಫ್ಲೆಕ್ಸ್ ಅಗ್ಗವೆಂಬುದು ಮೊದಲ ದಿನದ ಲೆಕ್ಕ. ನಮ್ಮ ಬಿಸಿಲಿಗೆ ಅದು ಬಣ್ಣಗೆಡುತ್ತದೆ, ಗಾಳಿಗೆ ಹರಿಯುತ್ತದೆ, ಹರಿದ ಮೇಲೆ ಮಣ್ಣಿನಲ್ಲಿ ಕರಗುವುದಿಲ್ಲ. ರಾಜ್ಯ ಸರಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಕೈಚೀಲ, ತಟ್ಟೆ, ಲೋಟಗಳ ಜೊತೆಗೆ ಫ್ಲೆಕ್ಸ್ ಮತ್ತು ಬ್ಯಾನರ್ ಕೂಡ ಇದ್ದವು. ಆದರೂ ಅವು ಬೀದಿಯಿಂದ ಹೋಗಲಿಲ್ಲ. ಎನಾಮೆಲ್ ಬಣ್ಣದ ತಗಡು ಮಳೆ ಬಿಸಿಲು ತಡೆದು ವರ್ಷಗಟ್ಟಲೆ ನಿಲ್ಲುತ್ತದೆ. ಈ ಲೆಕ್ಕವನ್ನೂ ಅಂಗಡಿಯವರು ಒಮ್ಮೆ ಹಾಕಿ ನೋಡಬೇಕು.

ಅಚ್ಚಿಗೆ ಇಳಿದ ಕುಂಚ

ಕುಂಚದ ಕೈಬರಹವನ್ನು ಅಚ್ಚಿಗೆ ಇಳಿಸುವ ಆಸೆ ಹೊಸದಲ್ಲ. 1942ರಲ್ಲಿ ಅಮೆರಿಕದಲ್ಲಿ ರಾಬರ್ಟ್ ಸ್ಮಿತ್ ಎಂಬವರು ಅಮೆರಿಕನ್ ಟೈಪ್ ಫೌಂಡರ್ಸ್ ಕಂಪೆನಿಗಾಗಿ 'ಬ್ರಶ್ ಸ್ಕ್ರಿಪ್ಟ್' ಎಂಬ ಇಂಗ್ಲಿಷ್ ಅಚ್ಚಕ್ಷರ ರೂಪಿಸಿದರು. ಮುಂದೆ ಅದು ಕಂಪ್ಯೂಟರುಗಳಿಗೂ ಬಂದು ಜಗತ್ತಿನ ಮೂಲೆಮೂಲೆಗೆ ಹರಡಿತು. ಫ್ರಾನ್ಸಿನ ರೋಜೆ ಎಕ್ಸ್‌ಕೋಫೊನ್ 1953ರಲ್ಲಿ 'ಮಿಸ್ತ್ರಾಲ್', 1955ರಲ್ಲಿ 'ಶೋಕ್' ಎಂಬ ಅಕ್ಷರಗಳನ್ನು ಮಾಡಿದರು. 'ಶೋಕ್' ತೀರಾ ದಪ್ಪ, ತುಂಬಿದ ಬ್ರಶ್ಶನ್ನು ಒತ್ತಿ ಎಳೆದಂಥದ್ದು.

ಇಂಗ್ಲಿಷಿನಲ್ಲಿ ಇದು ಸಾಧ್ಯವಾದಷ್ಟು ಸಲೀಸಾಗಿ ಕನ್ನಡದಲ್ಲಿ ಆಗುವುದಿಲ್ಲ. ಇಂಗ್ಲಿಷಿಗೆ ದೊಡ್ಡದು ಚಿಕ್ಕದು ಸೇರಿ 52 ಅಕ್ಷರ. ಕನ್ನಡದ ವರ್ಣಮಾಲೆ 49 ಅಕ್ಷರದ್ದೇ ಆದರೂ 34 ವ್ಯಂಜನಗಳಿಗೆ ತಲಾ 15 ಕಾಗುಣಿತ ಹಿಡಿದರೆ 510 ರೂಪಗಳಾದವು. ಮೇಲೆ ಒತ್ತಕ್ಷರಗಳು ಬೇರೆ. ಸಾಧಾರಣ ಫಾಂಟಿನಲ್ಲಿ ಗುಡಿಸು ಕೊಂಬುಗಳನ್ನು ಬೇರೆಯಾಗಿ ಮಾಡಿಟ್ಟು ಅಂಟಿಸಿದರೂ ನಡೆಯುತ್ತದೆ. ಕುಂಚದ ಅಕ್ಷರದಲ್ಲಿ ಅಂಟಿಸಿದ್ದು ಅಂಟಿಸಿದಂತೆಯೇ ಕಾಣುತ್ತದೆ. 'ಪು', 'ವು'ಗಳಲ್ಲಿ ಕೊಂಬು ಕೂಡುವ ಜಾಗವೇ ಬೇರೆ.

ದಪ್ಪ ಮಾಡಿದಾಗ ಇನ್ನೊಂದು ತೊಡಕು. 'ದ' ಮತ್ತು 'ಧ', 'ಬ' ಮತ್ತು 'ಭ' ಇವುಗಳಿಗೆ ವ್ಯತ್ಯಾಸ ಬುಡದ ಒಂದು ಸಣ್ಣ ಸೀಳು. 'ಪ' ಮತ್ತು 'ಷ'ಕ್ಕೆ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಗೀಟು. ಗೆರೆ ದಪ್ಪವಾದಷ್ಟೂ ಸೀಳು ಮುಚ್ಚುತ್ತದೆ, ಹೊಟ್ಟೆ ತುಂಬುತ್ತದೆ. 'ರಾಷ್ಟ್ರ', 'ಸ್ತ್ರೀ' ಎಂಬ ಪದಗಳು ಬಂದರಂತೂ ಮೂರು ಅಂತಸ್ತು. ಇಂಗ್ಲಿಷ್ ಕೈಬರಹದ ಅಕ್ಷರಗಳು ಪಕ್ಕಪಕ್ಕದಲ್ಲಿ ಕೈ ಹಿಡಿದು ನಡೆಯುತ್ತವೆ. ನಮ್ಮವು ಮೇಲಿನವರು ಕೆಳಗಿನವರನ್ನು ಹೊತ್ತು ನಡೆಯುತ್ತವೆ. ಆದ್ದರಿಂದ ಇಂಗ್ಲಿಷ್ ಬ್ರಶ್ ಫಾಂಟನ್ನು ನೋಡಿ ಕನ್ನಡಕ್ಕೆ ಅದೇ ಅಂಗಿ ಹೊಲಿದರೆ ತೋಳು ಬಿಗಿ, ಕುತ್ತಿಗೆ ಸಡಿಲ. ಈ ತೊಡಕುಗಳನ್ನು ದಿನಾ ತಗಡಿನ ಮೇಲೆ ಬಿಡಿಸುತ್ತಿದ್ದವನು ಪೇಂಟರ್. ಕನ್ನಡದ ದಪ್ಪಕ್ಷರದ ವಿದ್ಯೆ ಪುಸ್ತಕದಲ್ಲಿಲ್ಲ, ಅವನ ಮಣಿಕಟ್ಟಿನಲ್ಲಿದೆ.

ಒಳ್ಳೆಯ ಪ್ರಯತ್ನಗಳು ಆಗಿಲ್ಲವೆಂದಲ್ಲ. 'ಏಕ್ ಟೈಪ್' ತಂಡದವರು 'ಬಾಲೂ' ಎಂಬ ದಪ್ಪಕ್ಷರದ ಸರಣಿಯನ್ನು ಭಾರತದ ಹಲವು ಲಿಪಿಗಳಲ್ಲಿ ತಂದರು. ಒಂದರ ಹೆಸರು ಬಾಲೂ ಭಾಯಿ, ಇನ್ನೊಂದು ಬಾಲೂ ತಂಬಿ. ಕನ್ನಡದ್ದು 'ಬಾಲೂ ತಮ್ಮ'. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೋ ರೂಪಿಸಿದ 'ಅಕಾಯ ಕನಡಕ' ಇನ್ನೊಂದು. ಎರಡೂ ತಲೆಬರಹಕ್ಕೆಂದೇ ಮಾಡಿದವು, ಎರಡೂ ಉಚಿತವಾಗಿ ಸಿಗುತ್ತವೆ. ಆದರೆ ಬೀದಿಯ ಕುಂಚದಲ್ಲಿ ಊರಿಗೊಂದು ಬನಿ ಇದೆ. ಅದು ಇನ್ನೂ ತಗಡಿನ ಮೇಲೆಯೇ ಉಳಿದಿದೆ, ತಗಡಿನೊಂದಿಗೇ ಗುಜರಿಗೆ ಹೋಗುತ್ತಿದೆ.

ಕಾತಿಬರು ಕಂಡ ದಾರಿ

ಯಂತ್ರ ಬಂದಾಗ ಬರೆಯುವ ಕೈಗೆ ಏನಾಗುತ್ತದೆ ಎಂಬುದನ್ನು ಉರ್ದು ಲೋಕ ಮೊದಲೇ ಕಂಡಿದೆ. ಉರ್ದುವಿನ ನಸ್ತಾಲೀಕ್ ಬರಹ ಓರೆಯಾಗಿ ಇಳಿಯುವಂಥದ್ದು. ಅದನ್ನು ಅಚ್ಚಿನ ಮೊಳೆಯಲ್ಲಿ ಹಿಡಿಯುವುದು ಬಹಳ ಕಾಲ ಯಾರಿಂದಲೂ ಸರಿಯಾಗಿ ಆಗಲಿಲ್ಲ. ಆದ್ದರಿಂದ ಪತ್ರಿಕೆಗಳನ್ನು ಕಾತಿಬರು ಕೈಯಲ್ಲೇ ಬರೆಯುತ್ತಿದ್ದರು. 1927ರಲ್ಲಿ ಚೆನ್ನೈಯಲ್ಲಿ ಶುರುವಾದ 'ದಿ ಮುಸಲ್ಮಾನ್' ದಿನಪತ್ರಿಕೆ ದಶಕಗಳ ಕಾಲ ಹೀಗೆ ಕೈಬರಹದಲ್ಲೇ ಹೊರಬಂತು. ಅದರ ಕಾತಿಬರಲ್ಲಿ ಮಹಿಳೆಯರೂ ಇದ್ದರು.

1981ರಲ್ಲಿ ಪಾಕಿಸ್ತಾನದ 'ಜಂಗ್' ಪತ್ರಿಕೆ 'ನೂರಿ ನಸ್ತಾಲೀಕ್' ಎಂಬ ಕಂಪ್ಯೂಟರ್ ಅಕ್ಷರಕ್ಕೆ ಬದಲಾಯಿತು. ಅದರಿಂದ ಕಾತಿಬರ ಕೆಲಸ ಹೋಯಿತು, ನಿಜ. ಆದರೆ ಆ ಅಕ್ಷರವನ್ನು ಮಾಡಿದವರು ಯಾರು? ಮಿರ್ಜಾ ಅಹ್ಮದ್ ಜಮೀಲ್, ಸ್ವತಃ ಕೈಬರಹದ ಕಲಾವಿದರು. ಹದಿನೈದು ಸಾವಿರಕ್ಕೂ ಹೆಚ್ಚು ಕೂಡಕ್ಷರ ರೂಪಗಳನ್ನು ತಯಾರಿಸಿದರು. ಅದಕ್ಕೆ ತಂದೆ ನೂರ್ ಅಹ್ಮದರ ನೆನಪಿಗಾಗಿ 'ನೂರಿ' ಎಂದು ಹೆಸರಿಟ್ಟರು. ಇಂದಿಗೂ ಉರ್ದು ಅಚ್ಚಾಗುವಲ್ಲಿ ಆ ಹೆಸರಿದೆ.

ಇಲ್ಲಿ ಪಾಠ ಸ್ಪಷ್ಟ. ಯಂತ್ರವನ್ನು ತಡೆಯಲು ಆಗುವುದಿಲ್ಲ. ಆದರೆ ಯಂತ್ರದೊಳಗೆ ಯಾರ ಕೈ ಹೋಗಬೇಕು, ಯಾರ ಹೆಸರು ಉಳಿಯಬೇಕು ಎಂಬುದನ್ನು ಮನುಷ್ಯರೇ ತೀರ್ಮಾನಿಸುತ್ತಾರೆ.

ಪೇಂಟರನ ಹೆಸರಿನ ಫಾಂಟು

ಭಾರತದ ಬೀದಿ ಪೇಂಟರುಗಳ ಪಾಲಿಗೆ ಈ ಮಾತನ್ನು ಕೆಲಸಕ್ಕಿಳಿಸಿದವರು ಹನೀಫ್ ಕುರೇಶಿ. ಗುಜರಾತಿನವರು. ಹುಡುಗನಾಗಿದ್ದಾಗಲೇ ಬೋರ್ಡು ಬರೆಯುವವನಾಗಬೇಕೆಂಬ ಆಸೆ. ಮುಂದೆ ಬರೋಡದಲ್ಲಿ ಕಲೆ ಕಲಿತು ದೆಹಲಿಗೆ ಬಂದರು. ಬೀದಿಯ ಪೇಂಟರುಗಳು ಕೆಲಸವಿಲ್ಲದೆ ಕೈ ಕಟ್ಟಿ ಕುಳಿತದ್ದನ್ನು ಕಂಡು 'ಹ್ಯಾಂಡ್‌ಪೇಂಟೆಡ್ ಟೈಪ್' ಎಂಬ ಯೋಜನೆ ಆರಂಭಿಸಿದರು. ಪೇಂಟರನಿಂದ ಪೂರ್ತಿ ಅಕ್ಷರಮಾಲೆಯನ್ನು ಬರೆಸುವುದು, ಅದನ್ನು ಫಾಂಟಾಗಿ ಪರಿವರ್ತಿಸುವುದು, ಮಾರಿದ ಹಣದಲ್ಲಿ ಪೇಂಟರನಿಗೂ ಪಾಲು ಕೊಡುವುದು. ಫಾಂಟಿನ ಹೆಸರು ಪೇಂಟರನ ಹೆಸರೇ. 'ಪೇಂಟರ್ ಕಫೀಲ್' ಎಂಬುದು ಹೀಗೆ ಬಂದ ಮೊದಲ ಅಕ್ಷರಗಳಲ್ಲಿ ಒಂದು.

ಹನೀಫ್ ಕುರೇಶಿ 2024ರ ಸೆಪ್ಟೆಂಬರ್‌ನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ವಯಸ್ಸು ಐವತ್ತೂ ಆಗಿರಲಿಲ್ಲ. ಅವರು ಹಾಕಿಕೊಟ್ಟ ದಾರಿ ಸರಳವಾದದ್ದು, ಬೋರ್ಡಿನ ಮೂಲೆಯ ಹೆಸರನ್ನು ಫಾಂಟಿನ ತಲೆಯ ಮೇಲೆ ತಂದಿಟ್ಟದ್ದು. ಆ ದಾರಿಯಲ್ಲಿ ಬಾದಾಮಿ, ಗುಡೂರು, ಇಳಕಲ್ಲಿನ ಕನ್ನಡ ಕುಂಚಗಳೂ ನಡೆಯಬೇಕಾಗಿದೆ.

ಮನೆಯವರು ಮಾಡಬಹುದಾದದ್ದು

ಇದಕ್ಕೆ ದೊಡ್ಡ ಸಂಸ್ಥೆಯೇ ಬರಬೇಕೆಂದಿಲ್ಲ. ಅಪ್ಪನೋ ಮಾಮುವೋ ಪೇಂಟರಾಗಿದ್ದ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳೋ ಮಗನೋ ಇದ್ದರೆ ಸಾಕು.

ಮೊದಲು, ಅವರು ಬರೆದ ಬೋರ್ಡುಗಳು ಊರಲ್ಲಿ ಎಲ್ಲೆಲ್ಲಿ ಉಳಿದಿವೆ ಎಂದು ಪಟ್ಟಿ ಮಾಡಿ. ಬೆಳಗಿನ ಬೆಳಕಿನಲ್ಲಿ, ಬೋರ್ಡಿಗೆ ನೇರ ಎದುರು ನಿಂತು, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಓರೆಯಾಗಿ ತೆಗೆದರೆ ಅಕ್ಷರದ ಅಳತೆ ಕೆಡುತ್ತದೆ. ಯಾವ ಊರು, ಯಾವ ವರ್ಷ ಬರೆದದ್ದು ಎಂದು ಬರೆದಿಡಿ.

ಎರಡನೆಯದಾಗಿ, ಅವರ ಕೈಗೆ ಮತ್ತೆ ಬ್ರಶ್ಶು ಕೊಡಿ. ದಪ್ಪ ಬಿಳಿ ಕಾಗದದ ಮೇಲೆ ಕಪ್ಪು ಬಣ್ಣದಲ್ಲಿ ಅ ದಿಂದ ಳ ತನಕ, ಕಾಗುಣಿತ, ಒತ್ತಕ್ಷರ, ಕನ್ನಡ ಅಂಕಿ ಎಲ್ಲ ಬರೆಸಿ. ಒಂದೇ ದಿನದಲ್ಲಿ ಆಗದು, ದಿನಕ್ಕೊಂದು ಸಾಲು ಬರೆಸಿದರೂ ಸಾಕು. ಎಲ್ಲವೂ ಒಂದೇ ಅಳತೆಯ ಬ್ರಶ್ಶಿನಲ್ಲಿರಲಿ. ಪದದ ಕೊನೆಗೆ ಬರುವ ಉದ್ದ ಬಾಲದ 'ರು', 'ಳು'ಗಳನ್ನು ಬೇರೆಯಾಗಿ ಬರೆಸಿಡಿ. ಇಂದಿನ ಫಾಂಟುಗಳಲ್ಲಿ ಪದದ ಕೊನೆಗೆ ಬಂದಾಗ ಬೇರೆ ರೂಪ ತಾನಾಗಿ ಬರುವಂತೆ ಮಾಡಲು ಸಾಧ್ಯವಿದೆ.

ಮೂರನೆಯದು ಫಾಂಟು ಮಾಡುವ ಕೆಲಸ. 'ಇಂಕ್‌ಸ್ಕೇಪ್', 'ಫಾಂಟ್‌ಫೋರ್ಜ್' ಎಂಬ ಎರಡು ಸಾಫ್ಟ್‌ವೇರುಗಳು ಉಚಿತವಾಗಿವೆ. ಒಂದರಲ್ಲಿ ಅಕ್ಷರದ ಅಂಚು ಎಳೆದು, ಇನ್ನೊಂದರಲ್ಲಿ ಫಾಂಟಾಗಿ ಕಟ್ಟಬಹುದು. ಯುನಿಕೋಡಿನಲ್ಲಿ ಮಾಡಿದರೆ ಮೊಬೈಲಿಗೂ ಕಂಪ್ಯೂಟರಿಗೂ ಆಗುತ್ತದೆ. ತಿಂಗಳುಗಳ ತಾಳ್ಮೆ ಬೇಕು. ಆದರೆ ಮನೆಯಲ್ಲಿ ಕುಳಿತು ಕಲಿಯಬಹುದಾದ, ಮುಂದೆ ದುಡಿಮೆಯೂ ಆಗಬಹುದಾದ ವಿದ್ಯೆ ಇದು. ಹೆಣ್ಣುಮಕ್ಕಳಿಗೆ ವಿಶೇಷವಾಗಿ ಒಪ್ಪುವಂಥದ್ದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಹೊರಗಿನವರು ಬಂದು ಅಕ್ಷರ ಕೇಳಿದರೆ ಬಾಯಿಮಾತಿನಲ್ಲಿ ಕೊಡಬೇಡಿ. ಫಾಂಟಿಗೆ ಯಾರ ಹೆಸರು, ಮಾರಿದರೆ ಎಷ್ಟು ಪಾಲು ಎಂಬುದು ಕಾಗದದ ಮೇಲಿರಲಿ. ಉಚಿತವಾಗಿ ಹಂಚಲು ಇಷ್ಟವಿದ್ದರೂ ಮುಕ್ತ ಪರವಾನಗಿಯಲ್ಲಿ ಬರೆದವರ ಹೆಸರನ್ನು ನಮೂದಿಸಿಯೇ ಕೊಡಿ. ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ, ಅದರ ಹೆಸರನ್ನು ಯಾರೂ ಸುಮ್ಮನೆ ಹಾಕಿಕೊಳ್ಳುವಂತಿಲ್ಲ. ಅದೇ ಸೀಮೆಯ ಅಕ್ಷರಕ್ಕೆ ಅಂಥ ಕಾವಲು ಇಲ್ಲ. ಕಾವಲು ಮನೆಯವರದೇ.

60 ಪಾಲು ಕನ್ನಡ, ಯಾರ ಕನ್ನಡ?

2024ರಲ್ಲಿ ರಾಜ್ಯದಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಬಂತು. ಅಂಗಡಿ, ಆಸ್ಪತ್ರೆ, ಹೋಟೆಲು ಮುಂತಾದ ನಾಮಫಲಕಗಳಲ್ಲಿ ಶೇ. 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿರಬೇಕು. ಗುಡೂರಿನಂಥ ಊರಿಗೆ ಇದು ಹೊಸ ಕಟ್ಟಳೆಯಲ್ಲ, ಇಲ್ಲಿನ ಬೋರ್ಡು ಮೊದಲಿನಿಂದಲೂ ಕನ್ನಡವೇ. ನಗರಗಳಲ್ಲಿ ಮಾತ್ರ ದೊಡ್ಡ ದೊಡ್ಡ ಕಂಪೆನಿಗಳು ತಮ್ಮ ಹೆಸರಿಗೆ ತಕ್ಕ ಕನ್ನಡ ಅಕ್ಷರ ಹುಡುಕಬೇಕಾಯಿತು. ಎಷ್ಟೋ ಕಡೆ ಇಂಗ್ಲಿಷ್ ಅಕ್ಷರ ಸಿಂಗಾರವಾಗಿ ನಿಂತಿದ್ದರೆ, ಪಕ್ಕದ ಕನ್ನಡ ಸರಕಾರಿ ಅರ್ಜಿಯಿಂದ ಎದ್ದು ಬಂದಂತೆ ಸಪ್ಪೆಯಾಗಿ ಕಾಣುತ್ತದೆ. ಕಾಯ್ದೆ ಜಾಗ ಕೊಡಬಲ್ಲದು, ಚೆಲುವು ಕೊಡಲಾರದು.

ಆ ಚೆಲುವು ಇಲ್ಲಿನ ಪೇಂಟರುಗಳ ಕೈಯಲ್ಲಿದೆ. ಅವರಲ್ಲಿ ಬಹಳ ಮಂದಿಗೆ ಈಗ ವಯಸ್ಸಾಗಿದೆ. ಕಣ್ಣು ಮಂಜಾಗುವ ಮೊದಲು, ಕೈ ನಡುಗುವ ಮೊದಲು ಅವರಿಂದ ಬರೆಸಿಕೊಳ್ಳಬೇಕು. ಹೊಲಿಗೆ ಅಂಗಡಿ ತೆರೆಯುವ ಸಹೋದರಿ ಒಂದು ತಗಡಿನ ಬೋರ್ಡು ಬರೆಸಲಿ. ಮದುವೆ ಮನೆಯವರು ಪತ್ರಿಕೆಯ ತಲೆಬರಹವನ್ನಾದರೂ ಕೈಯಿಂದ ಬರೆಸಲಿ. ಶಾಲೆಯವರು ಒಂದು ಗೋಡೆಯನ್ನು ಅವರಿಗೆ ಬಿಟ್ಟುಕೊಡಲಿ, ಮಕ್ಕಳು ಪಕ್ಕದಲ್ಲಿ ನಿಂತು ನೋಡಲಿ.

ಕೆಲಸ ಮುಗಿಸಿ ಬ್ರಶ್ಶು ತೊಳೆಯಲು ಹೊರಟ ಪೇಂಟರನನ್ನು ತಡೆದು ಒಂದು ಮಾತು ಹೇಳಲು ಮರೆಯಬೇಡಿ: ಮೂಲೆಯಲ್ಲಿ ನಿಮ್ಮ ಹೆಸರನ್ನೂ ಬರೆಯಿರಿ.